ಗ್ಯಾಸಿನ ಗುಳಿಗೆ, ಮನಸ್ಸಿನ ಗುಳಿಗೆ: ಒಟ್ಟಿಗೆ ತೆಗೆದುಕೊಳ್ಳುವ ಕ್ರಮ

ಗಂಗಾವತಿಯ ಔಷಧ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ನಾನು ಪದೇ ಪದೇ ಕಾಣುವ ತಪ್ಪು ಒಂದೇ ಬಗೆಯದು. ಖಿನ್ನತೆಗೋ ಆತಂಕಕ್ಕೋ ವೈದ್ಯರು ಎಸಿಟಾಲೊಪ್ರಾಮ್ ಬರೆದುಕೊಡುತ್ತಾರೆ. ಆರಂಭದ ಒಂದೆರಡು ವಾರ ಕೆಲವರಿಗೆ ಅದರಿಂದಲೇ ಹೊಟ್ಟೆ ತೊಳಸುತ್ತದೆ. ಮನೆಯವರು ಆ ಸಂಕಟವನ್ನು ಬೆಳಗಿನ ಒಗ್ಗರಣೆ-ಮಿರ್ಚಿಯ ತಲೆಗೆ ಕಟ್ಟಿ, ‘ಒಂದು ಗ್ಯಾಸಿನ ಗುಳಿಗೆ ಕೊಡ್ರಿ’ ಎಂದು ಅಂಗಡಿಗೆ ಬರುತ್ತಾರೆ. ಪಕ್ಕದಲ್ಲಿ ನಿಂತವರು ಕೇಳಿಸಿಕೊಂಡಾರು ಎಂಬ ಸಂಕೋಚದಿಂದ ಮನಸ್ಸಿನ ಗುಳಿಗೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಾಯಿಬಿಟ್ಟು ಹೇಳಲಾಗದವರು ಆ ಗುಳಿಗೆಯ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರೂ ಸಾಕು.

ಮೊದಲು, ಮನೆಯಲ್ಲಿರುವ ಎಲ್ಲ ಗುಳಿಗೆಗಳ ಶೀಟುಗಳನ್ನು ಒಂದೆಡೆ ಹರಡಿಕೊಳ್ಳಿ.

ಎರಡನೆಯ ಹಂತವೇ ಎಲ್ಲರೂ ಎಡವುವ ಜಾಗ. ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಓದಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು. ಈಚೆಗೆ ಒಬ್ಬ ಹುಡುಗ ತಾಯಿಯ ಗ್ಯಾಸಿನ ಗುಳಿಗೆಯೆಂದು ತಂದ ತುಂಡಿನಲ್ಲಿ ಕತ್ತರಿಗೆ ಸಿಕ್ಕಿ ‘ಪ್ರಜೋಲ್’ ಎಂಬ ಬಾಲವಷ್ಟೇ ಉಳಿದಿತ್ತು. ಒಮೆಪ್ರಜೋಲ್, ಎಸೊಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲಕ್ಕೂ ಇರುವುದು ಅದೇ ಬಾಲ. ನಮಗೆ ಬೇಕಾದದ್ದು ತಲೆ. ಎಸಿಟಾಲೊಪ್ರಾಮ್ ಮತ್ತು ಅದರ ಹತ್ತಿರದ ಸಂಬಂಧಿ ಸಿಟಾಲೊಪ್ರಾಮ್‌ಗಳನ್ನು ಯಕೃತ್ತಿನಲ್ಲಿ ಒಡೆಯುವ ಮುಖ್ಯ ಕಿಣ್ವವಾದ ಸಿವೈಪಿ 2ಸಿ19ನ್ನು ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ತಡೆಹಿಡಿಯುತ್ತವೆ. ಹಾಗಾಗಿ ನುಂಗಿದ್ದು 10 ಮಿಲಿಗ್ರಾಂ ಆದರೂ ರಕ್ತದಲ್ಲಿ ಅದಕ್ಕಿಂತ ಹೆಚ್ಚು ನುಂಗಿದಷ್ಟು ಔಷಧ ಸುತ್ತುತ್ತಿರುತ್ತದೆ, ಮತ್ತು ಆ ಪ್ರಮಾಣ ಏರಿದಂತೆ ಇಸಿಜಿಯಲ್ಲಿ ಕಾಣುವ ‘ಕ್ಯೂಟಿ’ ಅವಧಿ (ಪ್ರತಿ ಬಡಿತದ ವಿದ್ಯುತ್ ಚಟುವಟಿಕೆ ಮುಗಿಸಿ ಹೃದಯ ಮುಂದಿನದಕ್ಕೆ ಸಜ್ಜಾಗುವ ಹೊತ್ತು) ಹಿಗ್ಗಿ ಹೃದಯದ ಬಡಿತ ತಾಳ ತಪ್ಪುವ ಅಪಾಯ ಹೆಚ್ಚುತ್ತದೆ. ಈ ಕಾರಣಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ, ಈ ಕಿಣ್ವವನ್ನು ತಡೆಯುವ ಔಷಧ ತೆಗೆದುಕೊಳ್ಳುವವರಿಗೂ 60 ವರ್ಷ ದಾಟಿದವರಿಗೂ ಸಿಟಾಲೊಪ್ರಾಮ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದೆಂದು ಹೇಳಿತು. ಪ್ಯಾಂಟೊಪ್ರಜೋಲ್ ಈ ಕಿಣ್ವದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇಂಥ ರೋಗಿಗಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಬದಲಿಸಬೇಕಾದರೂ, ನಾನು ಮೊದಲು ಸೂಚಿಸುವುದು ಅದನ್ನೇ.

ಇಷ್ಟು ನೋಡಿದ ಮೇಲೂ ಹೆಸರಿನ ಕೊನೆಗೆ ಅಂಟಿಕೊಂಡ ಅಕ್ಷರಗಳನ್ನು ಬಿಡಬೇಡಿ. ‘ಡಿ’ ಅಥವಾ ‘ಡಿಎಸ್‌ಆರ್’ ಎಂದಿದ್ದರೆ ಒಳಗೆ ವಾಂತಿ ತಡೆಯುವ ಡೊಂಪೆರಿಡೋನ್ ಇರುತ್ತದೆ. ಅದೂ ಕ್ಯೂಟಿ ಅವಧಿಯನ್ನು ಹಿಗ್ಗಿಸುವಂಥದ್ದೇ. ‘ಎಲ್’ ಎಂದಿದ್ದರೆ ಹೆಚ್ಚಾಗಿ ಲೆವೊಸಲ್ಪಿರೈಡ್. ಅದು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಔಷಧವಾದ್ದರಿಂದ ಕೈ ನಡುಕ, ಮೈ ಬಿಗಿತ ತರಬಲ್ಲದು. ಬರಿಯ ಎದೆಯುರಿಗೆ ಈ ಜೋಡಿ ಕ್ಯಾಪ್ಸೂಲುಗಳನ್ನು ಕೊಡುವ ಅಂಗಡಿಯವರ ರೂಢಿಯನ್ನು ನಾನು ಒಪ್ಪುವುದಿಲ್ಲ. ಗ್ಯಾಸಿನ ಗುಳಿಗೆ ಬೇಕೇ ಬೇಕೆನ್ನುವವರು ಕೊನೆಗೆ ಈ ‘ಡಿ’, ‘ಡಿಎಸ್‌ಆರ್’, ‘ಎಲ್’ ಅಂಟಿಲ್ಲದ್ದನ್ನೇ ಕೇಳಿ ಪಡೆಯಬೇಕು.

ಇದನ್ನೆಲ್ಲ ಓದಿ ಗಾಬರಿಯಾಗಿ ಮನಸ್ಸಿನ ಗುಳಿಗೆಯನ್ನು ಬಿಟ್ಟುಬಿಡುವುದು ಇನ್ನೂ ದೊಡ್ಡ ತಪ್ಪು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆಗಬಹುದು. ಮೂಲ ಕಾಯಿಲೆಯೂ ಮರಳಬಹುದು. ಎರಡೂ ಗುಳಿಗೆಗಳನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಶೀಟುಗಳ ಸಮೇತ ವೈದ್ಯರ ಬಳಿ ಹೋಗಿ, ಬದಲಿಸುವುದಿದ್ದರೆ ಗ್ಯಾಸಿನದನ್ನು ಬದಲಿಸಬಹುದೇ, ಇಸಿಜಿ ಬೇಕೇ ಎಂದು ಕೇಳಬೇಕು. ವಯಸ್ಸಾದವರು, ಹೃದಯದ ತೊಂದರೆ ಇರುವವರು, ನೀರಿಳಿಸುವ (ಮೂತ್ರ ಹೆಚ್ಚಿಸುವ) ಗುಳಿಗೆ ನುಂಗುವವರು ಇದನ್ನು ಮುಂದೂಡಬಾರದು. ರಾಯಚೂರು, ಬಳ್ಳಾರಿ ಕಡೆಯ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ವಾಂತಿ-ಭೇದಿಯೂ ಸೇರಿಕೊಂಡರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯ ತಾಳ ತಪ್ಪುವ ಇದೇ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ನುಂಗುವ ಹೊತ್ತು ಸುಲಭ: ಪ್ಯಾಂಟೊಪ್ರಜೋಲ್ ಬೆಳಗಿನ ತಿಂಡಿಗೆ ಅರ್ಧ ತಾಸು ಮೊದಲು, ಪುಡಿ ಮಾಡದೆ, ಎಸಿಟಾಲೊಪ್ರಾಮ್ ವೈದ್ಯರು ಹೇಳಿದ ಹೊತ್ತಿಗೆ, ದಿನವೂ ಒಂದೇ ವೇಳೆಗೆ. ಹೊಟ್ಟೆ ತೊಳಸುವವರು ಅದನ್ನು ಊಟದ ನಂತರ ತೆಗೆದುಕೊಂಡರೆ ತುಸು ಹಗುರವೆನಿಸುತ್ತದೆ. ಮೊಣಕಾಲು ನೋವಿಗೆಂದು ಡೈಕ್ಲೊಫಿನ್ಯಾಕನ್ನು ನಡುವೆ ತೂರಿಸಬೇಡಿ, ಏಕೆಂದರೆ ಎಸಿಟಾಲೊಪ್ರಾಮ್ ಜೊತೆಗೆ ಅದು ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಮಲ ಡಾಂಬರಿನಂತೆ ಕಪ್ಪಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎದೆ ಡವಗುಟ್ಟಿ ಕಣ್ಣು ಕತ್ತಲೆಯಿಟ್ಟರೆ, ಪ್ರಜ್ಞೆ ತಪ್ಪಿದರೆ, ಎದೆನೋವು ತೋಳಿಗೋ ದವಡೆಗೋ ಹಬ್ಬಿ ಬೆವರು ಕಿತ್ತುಬಂದರೆ, ಗ್ಯಾಸೆಂದು ಇನ್ನೊಂದು ಗುಳಿಗೆ ನುಂಗಿ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ, ಹೊರಡುವಾಗ ಆ ಶೀಟುಗಳನ್ನೂ ಜೇಬಿಗೆ ಹಾಕಿಕೊಳ್ಳಿ.