ಹೆಣ್ಣುನಾಯಿ ಬೆದೆಗೆ ಬಂದಾಗ: ಮೊದಲ ಹನಿಯಿಂದ ಬೆದೆ ಮುಗಿದ ಎರಡು ತಿಂಗಳವರೆಗಿನ ಜಾಗ್ರತೆ

ಹೆಣ್ಣುನಾಯಿ ಬೆದೆಗೆ ಬಂದಾಗ ಮನೆಯವರು ಎಡವುವುದು ರಕ್ತ ಸೋರುವ ದಿನಗಳಲ್ಲಲ್ಲ. ರಕ್ತ ಕಡಿಮೆಯಾಗಿ, ‘ಸದ್ಯ ಮುಗೀತು’ ಎಂದು ಗೇಟು ತೆಗೆದಿಡುವ ದಿನಗಳಲ್ಲಿ. ಗಬ್ಬ ಕಟ್ಟುವುದು ಆಗಲೇ. ಹೆಂಗಸರ ಮುಟ್ಟಿನ ಲೆಕ್ಕವನ್ನೇ ನಾಯಿಗೂ ಹಾಕುವುದು ಈ ಎಡವಟ್ಟಿಗೆ ಮೂಲ. ನಾಯಿಯಲ್ಲಿ ರಕ್ತ ಕಾಣಿಸುವುದು ಅಂಡ ಬಿಡುಗಡೆಯಾಗುವ ಮೊದಲು. ಅಂದರೆ ಆ ರಕ್ತ ಬೆದೆ ಶುರುವಾದದ್ದರ ಗುರುತು, ಮುಗಿದದ್ದರದ್ದಲ್ಲ.

ಸಣ್ಣ ತಳಿಗಳು ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತವೆ. ಗ್ರೇಟ್ ಡೇನ್, ಮ್ಯಾಸ್ಟಿಫ್‌ನಂಥ ಭಾರೀ ತಳಿಗಳಲ್ಲಿ 18ರಿಂದ 24 ತಿಂಗಳಾಗುವುದೂ ಉಂಟು. ಆಮೇಲೆ ಸುಮಾರು ಆರೇಳು ತಿಂಗಳಿಗೊಮ್ಮೆ ಬರುತ್ತದೆ. ಎರಡು ವರ್ಷ ತುಂಬಿದರೂ ಬೆದೆಯ ಸುಳಿವೇ ಇಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ವಯಸ್ಸಾದ ಮೇಲೆ ಬೆದೆ ನಿಂತುಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಂತರ ಹೆಚ್ಚಾಗಬಹುದು, ಆದರೆ ಹತ್ತು ವರ್ಷದ ನಾಯಿಯೂ ಬೆದೆಗೆ ಬರುತ್ತದೆ.

ಹೆಜ್ಜೆ 1: ಮೊದಲ ಹನಿ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ

ಮುಂದಿನ ಲೆಕ್ಕವೆಲ್ಲ ಈ ತಾರೀಖಿನಿಂದಲೇ. ಕೆಲವು ನಾಯಿಗಳು ನೆಕ್ಕಿ ನೆಕ್ಕಿ ಸ್ವಚ್ಛ ಮಾಡಿಕೊಳ್ಳುವುದರಿಂದ ನೆಲದ ಮೇಲೆ ಹನಿಯೇ ಬೀಳದು. ಹಿಂಬದಿ ನೆಕ್ಕುವುದು ಹೆಚ್ಚಾದರೆ, ಯೋನಿದ್ವಾರ ಊದಿದಂತೆ ಕಂಡರೆ, ನಡೆದಲ್ಲೆಲ್ಲ ಸ್ವಲ್ಪ ಸ್ವಲ್ಪ ಮೂತ್ರ ಹೊಯ್ದರೆ, ದಿನಾ ಬೆಳಿಗ್ಗೆ ಬಿಳಿ ಟಿಶ್ಯೂ ಕಾಗದವನ್ನು ಯೋನಿದ್ವಾರಕ್ಕೆ ಮೃದುವಾಗಿ ಒತ್ತಿ ನೋಡಿ. ಬೆದೆ ಮುಗಿಯುವವರೆಗೂ ಇದನ್ನು ಬಿಡಬೇಡಿ. ಆ ಬಣ್ಣ ಬಹಳಷ್ಟು ಹೇಳುತ್ತದೆ.

ಹೆಜ್ಜೆ 2: ಬಣ್ಣ ಮತ್ತು ಬಾಲ ಎರಡನ್ನೂ ಗಮನಿಸಿ

ಮೊದಲ ಘಟ್ಟ ಸರಾಸರಿ 9 ದಿನ. ಕೆಲವಕ್ಕೆ ಮೂರೇ ದಿನ, ಕೆಲವಕ್ಕೆ ಎರಡು ವಾರ ದಾಟುತ್ತದೆ. ಟಿಶ್ಯೂ ಮೇಲೆ ಕೆಂಪು ರಕ್ತ ಕಾಣುತ್ತದೆ. ಗಂಡುನಾಯಿಗಳು ಮೂಸಿಕೊಂಡು ಬರುತ್ತವೆ, ಆದರೆ ಹೆಣ್ಣು ಗುರುಗುಟ್ಟಿ ಓಡಿಸುತ್ತದೆ, ಇಲ್ಲವೇ ಬಾಲ ಒತ್ತಿ ಕೂತುಬಿಡುತ್ತದೆ.

ಎರಡನೆಯ ಘಟ್ಟವೂ ಸರಾಸರಿ 9 ದಿನ. ಇದು ಮೂರು ವಾರದವರೆಗೂ ಎಳೆಯಬಹುದು. ಸ್ರಾವ ಮಾಂಸ ತೊಳೆದ ನೀರಿನಂತೆ ತೆಳುವಾಗಿ, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಊದಿ ಬಿಗಿಯಾಗಿದ್ದ ಭಾಗ ಮೆತ್ತಗಾಗುತ್ತದೆ. ಸೊಂಟದ ಹತ್ತಿರ ಬೆನ್ನು ಕೆರೆದರೆ ನಾಯಿ ಕಲ್ಲಿನಂತೆ ನಿಂತು ಬಾಲವನ್ನು ಒಂದು ಪಕ್ಕಕ್ಕೆ ಸರಿಸುತ್ತದೆ. ಗಂಡನ್ನು ಒಪ್ಪಿಕೊಳ್ಳುವ ಕಾಲ ಇದೇ. ಕೆಲವು ನಾಯಿಗಳಲ್ಲಿ ಕೊನೆಯವರೆಗೂ ಸ್ರಾವ ಕೆಂಪಗೇ ಇರುತ್ತದೆ. ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ, ಬಾಲವನ್ನೂ ನೋಡಿ.

ಈ ಘಟ್ಟದಲ್ಲಿ ಹೊರಬರುವ ಅಂಡ ಇನ್ನೂ ಬಲಿತಿರುವುದಿಲ್ಲ, ಬಲಿಯಲು ಎರಡು ಮೂರು ದಿನ ಬೇಕು. ಇತ್ತ ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಸುಮಾರು ವಾರದವರೆಗೂ ಜೀವಂತವಾಗಿರಬಲ್ಲದು. ಆದ್ದರಿಂದ ಬೇಗ ಕೂಡಿದರೂ, ತಡವಾಗಿ ಕೂಡಿದರೂ ಗಬ್ಬ ನಿಲ್ಲಬಹುದು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಸಾಧ್ಯ.

ಕಾವಲು ಎಷ್ಟು ದಿನ? ಮೊದಲ ಹನಿಯಿಂದ ಕನಿಷ್ಠ 28 ದಿನ. ಅದಾದ ಮೇಲೂ ಊತ ಪೂರ್ತಿ ಇಳಿಯದಿದ್ದರೆ ಅಥವಾ ಗಂಡುನಾಯಿಗಳು ಗೇಟಿನ ಹತ್ತಿರವೇ ಸುಳಿಯುತ್ತಿದ್ದರೆ ಕಾವಲು ಮುಂದುವರಿಸಿ. ಎಳೆಯ ನಾಯಿಗಳಲ್ಲಿ ಬೆದೆ ಅರ್ಧಕ್ಕೇ ನಿಂತು, ಕೆಲವು ವಾರ ಬಿಟ್ಟು ಮತ್ತೆ ಶುರುವಾಗುವುದುಂಟು. ಆಗ ಎಣಿಕೆಯನ್ನು ಮೊದಲಿಂದ ಹಿಡಿಯಿರಿ.

ಹೆಜ್ಜೆ 3: ಮನೆಯೊಳಗಿನ ವ್ಯವಸ್ಥೆ

ಒಗೆಯಬಹುದಾದ ಹಳೆಯ ಹತ್ತಿ ಬಟ್ಟೆಗಳನ್ನು ಮಲಗುವ ಜಾಗಕ್ಕೆ ಹಾಸಿ. ರಕ್ತದ ಕಲೆಯನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ನಾಯಿಯ ಡೈಪರ್ ಹಾಕುವುದಾದರೆ ಬಾಲದ ತೂತು ಬಿಗಿಯಾಗದಂತೆ ನೋಡಿ, ಮೂರು ನಾಲ್ಕು ತಾಸಿಗೊಮ್ಮೆ ಬದಲಿಸಿ, ಹೊರಗೆ ಮೂತ್ರಕ್ಕೆ ಕರೆದೊಯ್ಯುವಾಗ ಬಿಚ್ಚಿ. ಒದ್ದೆ ಡೈಪರ್ ಇಡೀ ರಾತ್ರಿ ಹಾಗೇ ಇದ್ದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಡೈಪರ್ ಇರುವುದು ನೆಲದ ಸ್ವಚ್ಛತೆಗೆ ಮಾತ್ರ. ಗಂಡುನಾಯಿಯನ್ನು ಅದು ತಡೆಯದು.

ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಬದಿ ಒರೆಸಿದರೆ ಸಾಕು. ನೆಲ ಒರೆಸುವ ಫಿನೈಲ್, ಡೆಟಾಲ್ ಅಲ್ಲಿ ಸೋಕಿಸಬೇಡಿ. ನಾಯಿ ಮಂಕಾಗಿದೆಯೆಂದು ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್, ಪ್ಯಾರಸಿಟಮಾಲ್ ಎರಡೂ ನಾಯಿಗೆ ವಿಷವಾಗಬಲ್ಲವು.

ಮನೆಯಲ್ಲಿ ಗಂಡುನಾಯಿಯೂ ಇದ್ದರೆ ಬೇರೆ ಬೇರೆ ಕೋಣೆ ಸಾಲದು, ನಡುವೆ ಎರಡು ಬಾಗಿಲಾದರೂ ಇರಲಿ. ಗಂಡನ್ನು ಆ ತಿಂಗಳು ನೆಂಟರ ಮನೆಗೆ ಕಳಿಸುವುದು ಇನ್ನೂ ಒಳ್ಳೆಯದು. ಅಣ್ಣ-ತಂಗಿ, ತಾಯಿ-ಮಗ ಎಂಬುದು ನಾಯಿಗಳಿಗಿಲ್ಲ. ಗಂಡಿಗೆ ಈಚೆಗೆ ಆಪರೇಷನ್ ಆಗಿದ್ದರೂ ಕೆಲವು ವಾರಗಳವರೆಗೆ ವೀರ್ಯಾಣು ಉಳಿದಿರಬಹುದು.

ಹೆಜ್ಜೆ 4: ಹೊರಗೆ ಹೋಗುವಾಗ

ಬೀದಿನಾಯಿಗಳು ಕಡಿಮೆ ಓಡಾಡುವ ಹೊತ್ತು ನೋಡಿ, ದಾರಿ ಚಿಕ್ಕದಾಗಿರಲಿ, ಬೆಲ್ಟ್ ಗಟ್ಟಿಯಾಗಿರಲಿ. ಕತ್ತಿನ ಪಟ್ಟಿಯಿಂದ ತಲೆ ನುಣುಚಿಸಿಕೊಂಡು ಓಡುವ ನಾಯಿಗೆ ಎದೆಪಟ್ಟಿಯೇ ಬೇಕು. ಎಷ್ಟೇ ಮಾತು ಕೇಳುವ ನಾಯಿಯಾದರೂ ಈ ದಿನಗಳಲ್ಲಿ ಬಿಚ್ಚಿ ಬಿಡಬೇಡಿ. ಕಾಂಪೌಂಡಿನೊಳಗೂ ಒಂಟಿಯಾಗಿ ಬಿಡಬೇಡಿ. ಗೇಟಿನ ಸರಳುಗಳ ಸಂದಿಯಲ್ಲೇ ಕೂಡುವುದು ಅಪರೂಪವಲ್ಲ.

ಬೀದಿನಾಯಿಯೊಡನೆ ಕೂಡಿದರೆ ಅಪಾಯ ಮರಿಗಳದ್ದಷ್ಟೇ ಅಲ್ಲ. ನಮ್ಮ ದೇಶದ ಬೀದಿನಾಯಿಗಳಲ್ಲಿ ಕೂಡುವುದರಿಂದ ಹರಡುವ ಒಂದು ಬಗೆಯ ಗಡ್ಡೆ ಸಾಮಾನ್ಯ. ಹೂಕೋಸಿನ ಆಕಾರದಲ್ಲಿ ಯೋನಿಯೊಳಗೆ ಬೆಳೆದು, ಬೆದೆಯಿಲ್ಲದ ಕಾಲದಲ್ಲೂ ರಕ್ತ ಸೋರಿಸುತ್ತದೆ. ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ವಾಸಿಯಾಗುತ್ತದೆ. ಬೆದೆ ಮುಗಿದರೂ ರಕ್ತ ನಿಲ್ಲದಿದ್ದರೆ ಇದನ್ನು ಪರೀಕ್ಷಿಸಲೇಬೇಕು.

ಕೂಡಿಬಿಟ್ಟರೆ?

ಎರಡೂ ಅಂಟಿಕೊಂಡು ನಿಂತಿದ್ದರೆ ಎಳೆಯಬೇಡಿ, ಹೊಡೆಯಬೇಡಿ, ನೀರೆರಚಬೇಡಿ. ಗಂಡಿನ ಜನನಾಂಗದ ಬುಡ ಊದಿ ಒಳಗೆ ಸಿಕ್ಕಿಕೊಂಡಿರುತ್ತದೆ, ಎಳೆದರೆ ಎರಡಕ್ಕೂ ಗಾಯ. 15ರಿಂದ 30 ನಿಮಿಷದಲ್ಲಿ ತಾನಾಗಿಯೇ ಬಿಡುತ್ತದೆ, ಕೆಲವೊಮ್ಮೆ ತಾಸೂ ಆಗಬಹುದು. ಹೆಣ್ಣಿನ ತಲೆ ಹಿಡಿದು ಸಮಾಧಾನಪಡಿಸುತ್ತ ನಿಂತಿರಿ. ತಾರೀಖು ಬರೆದಿಟ್ಟು, ಮರಿಗಳು ಬೇಡವೆಂದಾದರೆ ಒಂದೆರಡು ದಿನದೊಳಗೆ ಪಶುವೈದ್ಯರನ್ನು ಕಾಣಿ. ಹೆಂಗಸರ ಗರ್ಭನಿರೋಧಕ ಮಾತ್ರೆಯನ್ನಾಗಲಿ, ಅಂಗಡಿಯವರು ಕೊಟ್ಟ ಹಾರ್ಮೋನ್ ಚುಚ್ಚುಮದ್ದನ್ನಾಗಲಿ ನೀವೇ ಪ್ರಯೋಗಿಸಬೇಡಿ. ಹಾರ್ಮೋನಿನಿಂದ ಗರ್ಭಕೋಶದಲ್ಲಿ ಕೀವಾಗುವ ಸಂಭವ ಹೆಚ್ಚುತ್ತದೆ. ಗಬ್ಬ ನಿಂತಿದೆಯೇ ಎಂದು ನಾಲ್ಕು ವಾರದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ. ಮರಿ ಹಾಕುವುದು ಸುಮಾರು 63 ದಿನಕ್ಕೆ.

ಮರಿ ಬೇಕೆಂದೇ ಕೂಡಿಸುವವರು ‘11ನೇ ದಿನ, 13ನೇ ದಿನ’ ಎಂಬ ಕಣ್ಣಂದಾಜು ಬಿಟ್ಟು, ಒಂದೆರಡು ದಿನಕ್ಕೊಮ್ಮೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿ ದಿನ ನಿಗದಿ ಮಾಡುವುದು ಸರಿಯಾದ ಕ್ರಮ. ಮಾರಾಟಕ್ಕಾಗಿ ತಳಿ ಬೆಳೆಸುವವರಿಗೆ 2017ರ ಕೇಂದ್ರ ನಿಯಮಗಳಿವೆ. 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ.

ಹೆಜ್ಜೆ 5: ಬೆದೆ ಮುಗಿದ ಮೇಲೆ ಎರಡು ತಿಂಗಳು

ಈ ಭಾಗವನ್ನು ಮರೆಯುವುದರಿಂದ ನಾಯಿಗಳು ಸಾಯುತ್ತವೆ. ಗಬ್ಬ ನಿಂತಿರಲಿ ಬಿಡಲಿ, ಬೆದೆಯ ಬಳಿಕ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನ್ ಏರಿಯೇ ಇರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸಿ, ಸೋಂಕು ನೆಲೆಯೂರಲು ಅನುಕೂಲ ಮಾಡಿಕೊಡುತ್ತದೆ. ಗರ್ಭಕೋಶ ಕೀವು ತುಂಬಿ ಉಬ್ಬುತ್ತದೆ. ನಡುವಯಸ್ಸು ದಾಟಿದ, ಮರಿ ಹಾಕದ ನಾಯಿಗಳಲ್ಲಿ ಇದು ಹೆಚ್ಚು.

ನಾಯಿ ಬಟ್ಟಲುಗಟ್ಟಲೆ ನೀರು ಕುಡಿದು ಪದೇ ಪದೇ ಮೂತ್ರ ಮಾಡುವುದು, ಊಟ ಬಿಡುವುದು, ವಾಂತಿ, ಹೊಟ್ಟೆಯುಬ್ಬರ, ವಾಸನೆಯ ಸ್ರಾವ: ಇವುಗಳಲ್ಲಿ ಎರಡು ಕಂಡರೂ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಕಾಣುವುದೇ ಇಲ್ಲ, ಅಪಾಯ ಆಗಲೇ ಹೆಚ್ಚು. ‘ಬೆದೆಯಾಗಿ ಎಷ್ಟು ದಿನವಾಯಿತು’ ಎಂದು ವೈದ್ಯರು ಮೊದಲು ಕೇಳುತ್ತಾರೆ. ಕ್ಯಾಲೆಂಡರಿನ ಗುರುತು ಆಗ ಬೇಕಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಗರ್ಭಕೋಶ ತೆಗೆಯುವ ತುರ್ತು ಶಸ್ತ್ರಚಿಕಿತ್ಸೆಯೇ ಪರಿಹಾರ.

ಇದೇ ಅವಧಿಯ ಕೊನೆಗೆ ಕೆಲವು ನಾಯಿಗಳಿಗೆ ಹುಸಿಗಬ್ಬ ಬರುತ್ತದೆ. ಮೊಲೆ ಊದಿ ಹಾಲೂ ಬರಬಹುದು. ಬೊಂಬೆ, ಚಪ್ಪಲಿಗಳನ್ನು ಮರಿಗಳೆಂಬಂತೆ ಕಾಯುತ್ತ ಕೂರುತ್ತದೆ. ಮೊಲೆ ಹಿಂಡಬೇಡಿ, ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮೊಲೆ ಕೆಂಪಾಗಿ ಬಿಸಿಯಾದರೆ ಮಾತ್ರ ತಡಮಾಡದೆ ತೋರಿಸಿ.

ಆಪರೇಷನ್ ಯಾವಾಗ?

ಮರಿಗಳ ಯೋಚನೆ ಇಲ್ಲದವರು ಗರ್ಭಕೋಶ, ಅಂಡಾಶಯ ತೆಗೆಸುವುದು ಒಳಿತು. ಕೀವಿನ ಭಯ ಬಹುಮಟ್ಟಿಗೆ ತಪ್ಪುತ್ತದೆ, ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಗಳ ಸಂಭವವೂ ಕಡಿಮೆ. ಭಾರೀ ತಳಿಗಳಿಗೆ ಮೂಳೆ, ಕೀಲು ಬಲಿಯುವವರೆಗೆ ಕಾಯಲು ವೈದ್ಯರು ಹೇಳಬಹುದು. ಬೆದೆಯಲ್ಲಿರುವಾಗ ರಕ್ತನಾಳಗಳು ತುಂಬಿರುವುದರಿಂದ ರಕ್ತಸ್ರಾವದ ಅಪಾಯ ಹೆಚ್ಚು. ಹುಸಿಗಬ್ಬದ ನಡುವೆ ಮಾಡಿಸಿದರೆ ಆ ಲಕ್ಷಣಗಳು ತಿಂಗಳುಗಟ್ಟಲೆ ಉಳಿದುಬಿಡಬಹುದು. ಬೆದೆ ಮುಗಿದು ಎರಡು ಮೂರು ತಿಂಗಳ ನಂತರದ ತಾರೀಖು ಕೇಳಿ. ಹೊಲಿಗೆ ಒಣಗುವ 10ರಿಂದ 14 ದಿನ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ, ಸ್ನಾನ ಮಾಡಿಸಬೇಡಿ. ಆಪರೇಷನ್ ಆದ ಕೆಲವು ತಿಂಗಳ ಮೇಲೆ ನಾಯಿ ಮತ್ತೆ ಬೆದೆಯ ಲಕ್ಷಣ ತೋರಿದರೆ ಅಂಡಾಶಯದ ತುಣುಕು ಒಳಗೆ ಉಳಿದಿರಬಹುದು, ಅದನ್ನು ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು.