ಶಬ್ದವೂ ಫ್ರೇಮೂ ಒಟ್ಟಿಗೆ ಮುಗ್ಗರಿಸಿದಾಗ: ಎಂಟು ತಿಂಗಳ ನನ್ನ ಅನುಭವ

ರಾಟರ್‌ಡ್ಯಾಮ್‌ನಿಂದ ಡ್ಯೂಸ್‌ಬರ್ಗ್‌ಗೆ, ರಾತ್ರಿ, ಜೋರು ಮಳೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನೋ ಲಾರಿ ಓಡಿಸುವ ಗೇಮ್‌ನಲ್ಲಿ ನನ್ನ ಪರೀಕ್ಷೆಯ ದಾರಿ ಇದು. ಹೋದ ತಿಂಗಳು ಈ ದಾರಿಯನ್ನು ಒಂದೇ ಒಂದು ಸಲವೂ ತಡವರಿಸದೆ ಮುಗಿಸಿದೆ. ಎಂಜಿನ್ ಶಬ್ದ ಎಲ್ಲೂ ಬಟ್ಟೆ ಹರಿದ ಹಾಗೆ ಹರಿಯಲಿಲ್ಲ. ಈ ದಾರಿಯಲ್ಲಿ ಎಂಟು ತಿಂಗಳಲ್ಲಿ ಇದೇ ಮೊದಲು. "ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕದೆ ಆಗಲ್ಲ" ಅಂತ ಹೇಳಿದ್ದವರು ಕಡಿಮೆ ಅಂದ್ರೂ ಐದು ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಪಿಸಿ ಸಾಧಾರಣದ್ದು. ಐ5 9400ಎಫ್, ಜಿಟಿಎಕ್ಸ್ 1650, 8 ಜಿಬಿ ರ್‍ಯಾಮ್ ಒಂದೇ ಸ್ಟಿಕ್, 450 ವ್ಯಾಟ್ ಪವರ್ ಸಪ್ಲೈ. ಈ ಗೇಮ್‌ಗೆ ಇಷ್ಟು ಧಾರಾಳ ಸಾಕು. ಹೈವೇಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಆರಾಮಾಗಿ ಬರುತ್ತಿತ್ತು. ಆದರೆ ಆಗಾಗ ಚಿತ್ರ ಅರೆಕ್ಷಣ ನಿಲ್ಲುತ್ತಿತ್ತು, ಅದೇ ಹೊತ್ತಿಗೆ ಹೆಡ್‌ಫೋನ್‌ನಲ್ಲಿ "ಡ್ರ್‌ರ್‌ರ್" ಅಂತ ಶಬ್ದ ಹರಿಯುತ್ತಿತ್ತು. ತಿರುವಿನಲ್ಲಿ ಹಾಗಾದರೆ ಟ್ರೇಲರ್ ಸೀದಾ ಕಂಬಿಗೆ. ಫ್ರೇಮ್‌ಟೈಮ್ (ಒಂದೊಂದು ಫ್ರೇಮ್‌ಗೆ ಹಿಡಿಯುವ ಸಮಯ) ಗ್ರಾಫ್ ಹಾಕಿ ನೋಡಿದರೆ ನೆಲದ ಹಾಗೆ ಸಪಾಟಾದ ಗೆರೆ, ಮಧ್ಯೆ ಮಧ್ಯೆ ತೆಂಗಿನ ಮರದಂತೆ ಒಂಟಿ ಗೆರೆ ಮೇಲಕ್ಕೆ.

ಊರಿನ ಅಂಗಡಿಗೆ ತೆಗೆದುಕೊಂಡು ಹೋದೆ. ಧೂಳು ತೆಗೆದು, ಪ್ರೊಸೆಸರ್ ಪೇಸ್ಟ್ ಬದಲಿಸಿ 600 ರೂಪಾಯಿ ತೆಗೆದುಕೊಂಡರು. ಬಿಸಿ ಏಳೆಂಟು ಡಿಗ್ರಿ ಇಳಿಯಿತು, ತಡವರಿಕೆ ಹಾಗೇ ಉಳಿಯಿತು. ಆಮೇಲೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಬಂತು. 480 ಜಿಬಿ ಎಸ್‌ಎಸ್‌ಡಿ, ಸುಮಾರು 3,200. ಗೇಮ್ ಲೋಡ್ ಆಗೋಕೆ ಒಂದೂವರೆ ನಿಮಿಷದ ಮೇಲೆ ಬೇಕಾಗುತ್ತಿತ್ತು, ಅರ್ಧ ನಿಮಿಷಕ್ಕೆ ಇಳಿಯಿತು. ಆ ದುಡ್ಡಿಗೆ ನನಗೆ ಬೇಜಾರಿಲ್ಲ. ಆದರೆ "ಡ್ರ್‌ರ್‌ರ್" ಹೋಗಲಿಲ್ಲ.

ವಿಡಿಯೋ ನೋಡಿ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಹತ್ತಾರು ಕಡೆ ಕೈಯಾಡಿಸಿದೆ. ಪೇಜ್‌ಫೈಲ್ (ರ್‍ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಜಾಗ) ತೆಗೆದುಹಾಕಿ ಅಂತ ಒಬ್ಬರು ಹೇಳಿದ್ದರು. 8 ಜಿಬಿ ರ್‍ಯಾಮ್ ಇಟ್ಟುಕೊಂಡು ಅದನ್ನು ಮಾತ್ರ ಯಾರೂ ಮಾಡಬೇಡಿ. ಇಪ್ಪತ್ತು ನಿಮಿಷಕ್ಕೆ ಗೇಮ್ ಮುಚ್ಚಿಕೊಂಡಿತು, ಅರ್ಧ ದಾರಿಯ ಲೋಡ್ ಹಾಳಾಯಿತು.

ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಮೊದಲ ಸಲ ಮಾಡ್ (ಆಟಗಾರರು ಮಾಡಿ ಗೇಮ್‌ಗೆ ಸೇರಿಸುವ ಫೈಲ್) ಫೋಲ್ಡರ್ ಬ್ಯಾಕಪ್ ತೆಗೆಯೋದು ಮರೆತು ಮೂವತ್ತು ಜಿಬಿಯಷ್ಟು ಬಸ್ಸು, ಲೋಡು, ಶಬ್ದದ ಮಾಡ್‌ಗಳು ಹೋದವು. ಎರಡನೇ ಸಲ ಒಂದು ವಿಚಿತ್ರ ನಡೆಯಿತು. ಆ ರಾತ್ರಿ ಫೋನ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿ, ಅಂದರೆ ಫೋನ್‌ನ ಇಂಟರ್ನೆಟ್ಟನ್ನೇ ಕೇಬಲ್‌ನಲ್ಲಿ ಪಿಸಿಗೆ ಕೊಟ್ಟು, ಗೇಮ್ ಓಡಿಸುವ ಆ್ಯಪ್ ಸ್ಟೀಮ್‌ಗೆ ಲಾಗಿನ್ ಆಗಿ ಆಡಿದೆ. ಬೆಣ್ಣೆ ಹಾಗೆ ಓಡಿತು. ಗೆದ್ದೆ ಅಂದುಕೊಂಡು ಮಲಗಿದೆ. ಮರುದಿನ ಬೆಳಿಗ್ಗೆ ಉಳಿದಿದ್ದೆಲ್ಲ ಜೋಡಿಸಿ, ಅಪ್‌ಡೇಟ್ ಹಾಕಿ, ಸಂಜೆ ಕೂತರೆ ಮತ್ತೆ ಅದೇ ಕಥೆ. ಅಪ್‌ಡೇಟ್‌ನದ್ದೇ ತಪ್ಪು ಅಂತ ಒಂದು ವಾರ ಅದರ ಹಿಂದೆ ಬಿದ್ದೆ. ಉತ್ತರ ಆ ರಾತ್ರಿಯೇ ನನ್ನ ಕಣ್ಣೆದುರು ಇತ್ತು, ನನಗೆ ಕಾಣಲಿಲ್ಲ.

ದಾರಿ ತೋರಿಸಿದ್ದು ಎರಡು ದಿನಕ್ಕೆ ಕಡ ತಂದ ಗ್ರಾಫಿಕ್ಸ್ ಕಾರ್ಡ್. ಚಿಕ್ಕಪ್ಪನ ಮಗ ತನ್ನ ಜಿಟಿಎಕ್ಸ್ 1660 ಸೂಪರ್ ಅನ್ನು ಶನಿವಾರ ಭಾನುವಾರಕ್ಕೆ ಕೊಟ್ಟ. 60 ಫ್ರೇಮ್‌ನ ಮಿತಿ ತೆಗೆದು ಓಡಿಸಿದಾಗ ಫ್ರೇಮ್ ಎಪ್ಪತ್ತರಿಂದ ನೂರರ ಹತ್ತಿರ ಹೋಯಿತು. ತಡವರಿಕೆ ಮಾತ್ರ ಒಂದು ಕೂದಲಷ್ಟೂ ಬದಲಾಗಲಿಲ್ಲ. ಅಂದರೆ ಕಾರ್ಡ್‌ನ ಶಕ್ತಿಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಆಗ ಫೋನ್‌ನ ಸ್ಟಾಪ್‌ವಾಚ್ ಹಿಡಿದು ಕೂತೆ. ಪ್ರತಿ "ಡ್ರ್‌ರ್‌ರ್"ಗೂ ಒಂದು ಲ್ಯಾಪ್ ಒತ್ತುತ್ತಾ ಹೋದೆ. 61 ಸೆಕೆಂಡ್, 60, 62, ಮಧ್ಯೆ ಒಂದು 35, ಮತ್ತೆ 60. ನಗರವೋ ಹೈವೇಯೋ, ಮಳೆಯೋ ಬಿಸಿಲೋ, ಲೆಕ್ಕ ಒಂದೇ. ಗೇಮ್ ಭಾರವಾಗಿ ತಡವರಿಸೋದಾದರೆ ಗಡಿಯಾರ ನೋಡಿಕೊಂಡು ತಡವರಿಸುತ್ತಾ? ಬೇರೆ ಯಾವುದೋ ನಿಮಿಷಕ್ಕೊಮ್ಮೆ ಎದ್ದು ಏನೋ ಮಾಡುತ್ತಿದೆ ಅಂತ ಖಾತ್ರಿಯಾಯಿತು.

ಯಾವ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಅಂತ ಅಳೆಯುವ ಲೇಟೆನ್ಸಿಮಾನ್ ಹಾಕಿ, ಗೇಮನ್ನು ವಿಂಡೋ ಮೋಡ್‌ನಲ್ಲಿ ಓಡಿಸುತ್ತಾ ಹದಿನೈದು ನಿಮಿಷ ಬಿಟ್ಟೆ. ಐದು ನಿಮಿಷ ಸಾಲದು, ಹದಿನೈದು ಬೇಕೇ ಬೇಕು. ಡ್ರೈವರ್‌ಗಳ ಪಟ್ಟಿಯನ್ನು ಡಿಪಿಸಿ (ಬೇರೆಲ್ಲ ತಡೆದು ಡ್ರೈವರ್ ಮಾಡಿಸುವ ತುರ್ತು ಕೆಲಸ) ಸಮಯದ ಪ್ರಕಾರ ಜೋಡಿಸಿದರೆ ತಲೆಯಲ್ಲಿ ಕೂತಿದ್ದು ಎನ್‌ಡಿಐಎಸ್, ಸುಮಾರು 23,000 ಮೈಕ್ರೋಸೆಕೆಂಡ್. ಅದು ನೆಟ್‌ವರ್ಕ್‌ನ ಪದರ. ಅಂದರೆ 23 ಮಿಲಿಸೆಕೆಂಡ್ ಆ ಪ್ರೊಸೆಸರ್ ಕೋರ್ ಬೇರೆ ಯಾರ ಕೈಗೂ ಸಿಗಲಿಲ್ಲ. 60 ಫ್ರೇಮ್‌ನಲ್ಲಿ ಒಂದು ಫ್ರೇಮ್‌ಗೆ ಸಿಗೋದೇ 16.6 ಮಿಲಿಸೆಕೆಂಡ್. ವಿಂಡೋಸ್ ಶಬ್ದವನ್ನು ಸಾಮಾನ್ಯವಾಗಿ 10 ಮಿಲಿಸೆಕೆಂಡ್ ತುಂಡುಗಳಲ್ಲಿ ಕಳಿಸುತ್ತದೆ. ಎರಡೂ ಒಟ್ಟಿಗೆ ಮುಗ್ಗರಿಸಿದ್ದು ಯಾಕೆ ಅಂತ ಆಗ ಹೊಳೆಯಿತು.

ಎನ್‌ಡಿಐಎಸ್ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂರಬಾರದು. ಅದರ ಕೆಳಗೆ ಯಾವ ಸಾಧನ ಇದೆ ಅನ್ನೋದು ಮುಖ್ಯ. ನನ್ನದು ಗುಂಡಿಯಷ್ಟು ಚಿಕ್ಕ ವೈಫೈ ಡಾಂಗಲ್, 450 ರೂಪಾಯಿಯದ್ದು. ರೌಟರ್ ಕೆಳಗಿನ ಹಾಲ್‌ನಲ್ಲಿ, ಪಿಸಿ ಮಹಡಿ ಮೇಲೆ. ಸಿಗ್ನಲ್ ಎರಡು ಕಡ್ಡಿ. ಇನ್ನೂ ಒಳ್ಳೇ ಸಿಗ್ನಲ್ ಸಿಗುತ್ತಾ ಅಂತ ಡಾಂಗಲ್ ನಿಮಿಷಕ್ಕೊಮ್ಮೆ ಸುತ್ತಲೂ ಹುಡುಕುತ್ತಿತ್ತು, ಹುಡುಕಿದಾಗೆಲ್ಲ ಅದರ ಡ್ರೈವರ್ ಕೋರನ್ನು ಹಿಡಿದಿಡುತ್ತಿತ್ತು. ಡಾಂಗಲ್ ಕಿತ್ತು, ಸ್ಟೀಮ್ ಆಫ್‌ಲೈನ್ ಮಾಡಿ ಓಡಿಸಿದೆ. ನಲವತ್ತು ನಿಮಿಷ, ಒಂದೂ ಇಲ್ಲ. ಟೆದರಿಂಗ್‌ನ ಆ ರಾತ್ರಿ ಯಾಕೆ ಚೆನ್ನಾಗಿ ಓಡಿತ್ತು ಅಂತ ಅರ್ಥವಾಯಿತು. ಆಗಿನ್ನೂ ಡಾಂಗಲ್ ಚುಚ್ಚಿರಲಿಲ್ಲ!

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವನಿಗೆ ಫೋನ್ ಮಾಡಿ ಹೇಳಿದೆ. "ವೈಫೈಗೂ ಸೌಂಡಿಗೂ ಏನೋ ಸಂಬಂಧ? ಸುಮ್ನೆ ಕಾರ್ಡ್ ತಗೋ" ಅಂದರು. "ಇಲ್ಲ ಭಾವ, ಒಂದು ವಾರ ಟೈಮ್ ಕೊಡಿ, ತೋರಿಸ್ತೀನಿ" ಅಂದೆ.

ಡಾಂಗಲ್ ಇಟ್ಟುಕೊಂಡೇ ಸರಿ ಮಾಡೋಕೆ ಆಗುತ್ತಾ ಅಂತಲೂ ನೋಡಿದೆ. ಅದು ಯುಎಸ್‌ಬಿ 3 ಪೋರ್ಟ್‌ನಲ್ಲಿತ್ತು. ಆ ಪೋರ್ಟ್‌ಗಳು 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡಿ ಮಾಡುತ್ತವೆ. 120 ರೂಪಾಯಿಯ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಯುಎಸ್‌ಬಿ 2ಕ್ಕೆ ಹಾಕಿ ಕಿಟಕಿ ಹತ್ತಿರ ತಂದೆ. ಸಿಗ್ನಲ್ ಮೂರು ಕಡ್ಡಿಯಾಯಿತು, 23,000 ಇದ್ದದ್ದು 9,000ದ ಆಸುಪಾಸಿಗೆ ಬಂತು. ಶಬ್ದ ಹರಿಯೋದು ಕಡಿಮೆಯಾಯಿತು, ನಿಲ್ಲಲಿಲ್ಲ. ಶಬ್ದದ ಸ್ಯಾಂಪಲ್ ರೇಟ್ 44.1, 48, 192 ಕಿಲೋಹರ್ಟ್ಸ್ ಎಲ್ಲ ಬದಲಿಸಿ ಒಂದು ಸಂಜೆ ಕಳೆದೆ, ಏನೂ ಪ್ರಯೋಜನವಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಡಾಂಗಲ್‌ನ ಒಂದು ಸೆಟ್ಟಿಂಗ್ ಬದಲಿಸಿದಾಗ ಮಾತ್ರ ಬಹುತೇಕ ಸರಿಹೋಯಿತು. ಅದು ಯಾವುದು ಅಂತ ಈಗಲೇ ಹೇಳಲ್ಲ. ಇನ್ನೂ ನಾಲ್ಕೈದು ಪಿಸಿ ಮೇಲೆ ನೋಡಬೇಕು, ಆಮೇಲೆ.

ಕೊನೆಗೆ ಲ್ಯಾನ್ ಕೇಬಲ್. ಕ್ಯಾಟ್ 6, ಇಪ್ಪತ್ತೆರಡು ಮೀಟರ್, ಮೀಟರ್‌ಗೆ 25ರ ಹಾಗೆ. ಕನೆಕ್ಟರ್ ಹತ್ತು ತಂದೆ, ಕೇಬಲ್ ಟಿವಿಯವರ ಹತ್ತಿರ ಕ್ರಿಂಪಿಂಗ್ ಟೂಲ್ ಒಂದು ದಿನಕ್ಕೆ ಕೇಳಿಕೊಂಡೆ. ಎಲ್ಲಾ ಸೇರಿ 700 ದಾಟಲಿಲ್ಲ. ದೇವರ ಮನೆ ಬಾಗಿಲ ಮೇಲೆ ವೈರ್ ಹೋಗಬಾರದು ಅಂತ ಅಮ್ಮ ಹೇಳಿದ್ದಕ್ಕೆ ಮೆಟ್ಟಿಲ ಬದಿಯಲ್ಲಿ ಸುತ್ತಿಸಿ ತಂದೆ, ನಾಲ್ಕು ಮೀಟರ್ ಜಾಸ್ತಿಯಾಯಿತು.

ಕೇಬಲ್ ಒಳಗಿನ ಎಳೆಗಳನ್ನು ಜೋಡಿಸುವ ಕ್ರಮ: ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಎಂಟು ಎಳೆ ನೆಟ್ಟಗೆ ಮಾಡಿ, ಒಂದೇ ಸಮಕ್ಕೆ ಕತ್ತರಿಸಿ, ತುದಿಯವರೆಗೆ ತಳ್ಳಿ ಒತ್ತಬೇಕು. ಮೊದಲ ಮೂರು ಕನೆಕ್ಟರ್ ಹಾಳಾದವು. ನಾಲ್ಕನೆಯದು ಸೇರಿತು, ಆದರೆ ವೇಗ 100 ಎಂಬಿಪಿಎಸ್ ಅಂತ ತೋರಿಸಿತು. 100ಕ್ಕೆ ಎರಡು ಜೋಡಿ ಎಳೆ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕಂದು ಎಳೆ ಅರ್ಧಕ್ಕೇ ನಿಂತಿದ್ದು ಟಾರ್ಚ್ ಹಾಕಿ ನೋಡಿದಾಗ ಕಂಡಿತು. ಕತ್ತರಿಸಿ ಮತ್ತೆ ಒತ್ತಿದೆ, ಗಿಗಾಬಿಟ್ ಬಂತು.

ಮತ್ತೆ ಲೇಟೆನ್ಸಿಮಾನ್, ಹದಿನೈದು ನಿಮಿಷ. ಅತಿ ಹೆಚ್ಚು ಅಂದರೆ 380 ಮೈಕ್ರೋಸೆಕೆಂಡ್. ಆ ಹಸಿರು ಪಟ್ಟಿ ನೋಡಿದ ಖುಷಿ ಹೇಳೋಕಾಗಲ್ಲ.

ಒಂದು ಕೆಲಸ ಉಳಿದಿತ್ತು. ದೊಡ್ಡ ನಗರ ಹೊಕ್ಕರೆ ಫ್ರೇಮ್ 38ಕ್ಕೆ ಇಳಿಯುತ್ತಿತ್ತು. ಶಬ್ದ ಹರಿಯುತ್ತಿರಲಿಲ್ಲ, ಹಾಗಾಗಿ ಇದು ಬೇರೆ ಕಾಯಿಲೆ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಇನ್ನೊಂದು 8 ಜಿಬಿ ಸ್ಟಿಕ್ ತರಿಸಿ, 1,900ರ ಹಾಗೆ, ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವ ಹಾಗೆ ಡ್ಯುಯಲ್ ಚಾನೆಲ್ ಮಾಡಿದೆ. ಗೇಮ್‌ನಲ್ಲಿ ಟ್ರಕ್ಕಿನ ಕನ್ನಡಿಗಳ ಗುಣಮಟ್ಟ ಒಂದು ಹಂತ ಇಳಿಸಿದೆ. ಕನ್ನಡಿ ಒಂದೊಂದಕ್ಕೂ ಗೇಮ್ ರಸ್ತೆಯನ್ನು ಮತ್ತೊಮ್ಮೆ ಬಿಡಿಸುತ್ತದೆ, ಅದರ ಭಾರ ಬಹಳ. ಈಗ ನಗರದಲ್ಲಿ 52ರಿಂದ 55.

ಭಾವ ಯುಗಾದಿಗೆ ಬಂದಾಗ ಹೆಡ್‌ಫೋನ್ ಕೊಟ್ಟು ಕೂರಿಸಿದೆ. ಡ್ಯೂಸ್‌ಬರ್ಗ್ ತಲುಪುವವರೆಗೆ ಏಳಲಿಲ್ಲ. ಕಾರ್ಡ್ ಮಾತು ಮತ್ತೆ ಎತ್ತಲೂ ಇಲ್ಲ.

ಆಮೇಲೆ ಗೆಳೆಯರ ಮೂರು ಪಿಸಿ ನೋಡಿದೆ. ಒಂದರಲ್ಲಿ ಫ್ಯಾನ್ ದೀಪದ ಬಣ್ಣ ಬದಲಿಸುವ ಸಾಫ್ಟ್‌ವೇರ್ ತೆಗೆದರೆ ಸರಿಹೋಯಿತು. ಇನ್ನೊಂದರಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಎಚ್‌ಡಿಎಂಐ ಆಡಿಯೋ ನಿಲ್ಲಿಸಿದೆ, ಸಾಕಾಯಿತು. ಮೂರನೆಯದು ಲ್ಯಾಪ್‌ಟಾಪ್. ಅದರಲ್ಲಿ ಪಟ್ಟಿಯ ತಲೆಯಲ್ಲಿ ಬರೋದು ಎಸಿಪಿಐ, ಬ್ಯಾಟರಿ ಮತ್ತು ಪವರ್ ನೋಡಿಕೊಳ್ಳುವ ಡ್ರೈವರ್. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರಿಯನ್ನು ಡಿಸೇಬಲ್ ಮಾಡಿದರೆ ಸುಮ್ಮನಾಗುತ್ತದೆ, ಆದರೆ ಚಾರ್ಜ್ ಎಷ್ಟಿದೆ ಅಂತ ತೋರಿಸಲ್ಲ. ಬಯಾಸ್ ಹೊಸದು ಬಂದಿದೆಯಂತೆ, ಈ ಭಾನುವಾರ ಹಾಕಿ ನೋಡಬೇಕು.