ಊಟಕ್ಕೆ ಮುಂಚಿನ ಚೂಡಾ: ಎರಡು ಮನೆತನ, ಒಂದು ಡಬ್ಬಿ

ಸಂಜೆಯ ಕುರುಕಲು ನಿಲ್ಲಿಸದೆಯೇ ರಾತ್ರಿ ಊಟ ಉಳಿಸಿಕೊಳ್ಳಬಹುದು ಅಂತ ನಾನು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಭಾವಮೈದ ಅಂತೂ ನಕ್ಕೇಬಿಟ್ಟ. ಈಗ ಹೆಚ್ಚು ಕಡಿಮೆ ಒಂದು ವರ್ಷದಿಂದ ನಡೆಯುತ್ತಿದೆ. ಅನ್ನ ಮಿಗುವುದಿಲ್ಲ, ಡಬ್ಬಿಗೆ ಬೀಗವಿಲ್ಲ, ಜಗಳವೂ ಇಲ್ಲ. ಒಗ್ಗರಣೆ ಹಾಕುವುದು, ಕಾಳು ನೆನೆಸುವುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಹೇಳಲು ಹೋಗುವುದಿಲ್ಲ.

ನಾನು ಧಾರವಾಡದವನು. ನಮ್ಮಲ್ಲಿ ಸಂಜೆ ಆರೂವರೆಗೆ ಚಹಾ, ಜೊತೆಗೆ ಚೂಡಾ ಇಲ್ಲವೇ ಗಿರ್ಮಿಟ್, ಮಳೆ ಬಂದರೆ ಮಿರ್ಚಿ ಭಜ್ಜಿ. ಚೂಡಾ ಅಂದರೆ ಒಗ್ಗರಣೆ ಹಾಕಿದ ಚುರುಮುರಿ (ಮೈಸೂರಿನ ಕಡ್ಲೆಪುರಿ), ಗಿರ್ಮಿಟ್ ಅಂದರೆ ಅದೇ ಚುರುಮುರಿಗೆ ಗೊಜ್ಜು ಕಲಸಿದ್ದು. ರೊಟ್ಟಿ ಊಟ ಒಂಬತ್ತೂವರೆ ಮೇಲೆಯೇ. ಹೆಂಡತಿ ಮೈಸೂರಿನವಳು. ಈಗ ನಮ್ಮ ಮನೆಯೂ ಮೈಸೂರಿನಲ್ಲೇ, ಅತ್ತೆ, ಮಾವ ನಮ್ಮ ಜೊತೆಯೇ ಇದ್ದಾರೆ. ಅವರಿಗೆ ನಾಲ್ಕೂವರೆಗೆ ಕಾಫಿ, ಪಕ್ಕದಲ್ಲಿ ಒಂದು ನಿಪ್ಪಟ್ಟೋ ಕೋಡುಬಳೆಯೋ. ಆಮೇಲೆ ಊಟದ ತನಕ ಬಾಯಿ ಬಂದ್. ದೀಪ ಹಚ್ಚುವ ಹೊತ್ತಿನಲ್ಲಿ ತಿನ್ನಬಾರದು ಅನ್ನುವುದು ಅತ್ತೆಯ ನಿಯಮ. ಏಳೂವರೆಗೆ ತಟ್ಟೆ ಹಾಕಬೇಕು. ಮಾವನಿಗೆ ಸಕ್ಕರೆ ಕಾಯಿಲೆ, ಮಾತ್ರೆಯ ಹೊತ್ತು ತಪ್ಪುವ ಹಾಗಿಲ್ಲ. ಮಧ್ಯೆ ಎರಡು ಮಕ್ಕಳು. ಅವರು ಎರಡೂ ಕಡೆಯ ಸಂಪ್ರದಾಯ ಪಾಲಿಸುವವರು: ಅಜ್ಜಿ ಜೊತೆ ನಿಪ್ಪಟ್ಟು, ನನ್ನ ಜೊತೆ ಚೂಡಾ, ಅದರ ನಡುವೆ ಬೇಕರಿ. ಏಳೂವರೆಗೆ ತಟ್ಟೆ ಮುಂದೆ ಕೂತು "ಹಸಿವಿಲ್ಲ". ಹತ್ತು ಗಂಟೆಗೆ ಫ್ರಿಜ್ ಬಾಗಿಲು ತೆಗೆಯುವ ಸದ್ದು.

ಮನೆಯಿಂದಲೇ ಕೆಲಸ ಆದ್ದರಿಂದ ಸಂಜೆಯ ಅಡುಗೆ ನನ್ನದು. ಮಿಕ್ಕಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಮಾಡುವ ಕರ್ಮವೂ ನನ್ನದೇ. ವಾರಕ್ಕೆ ನಾಲ್ಕು ದಿನ ಚಿತ್ರಾನ್ನ ಅಂದರೆ ಯಾರಿಗೆ ತಾನೇ ಬೇಜಾರಾಗಲ್ಲ?

ಮೊದಲು ಎಲ್ಲರೂ ಹೇಳಿದ್ದು ಡಬ್ಬಿ ಎತ್ತಿಡಿ ಅಂತ. ಎತ್ತಿಟ್ಟೆವು. ಮಕ್ಕಳು ಟ್ಯೂಷನ್ ದಾರಿಯಲ್ಲಿ ಪಫ್, ಖಾರಾ ಬನ್ ಶುರು ಮಾಡಿದರು. ಆ ತಿಂಗಳ ಬೇಕರಿ ಲೆಕ್ಕ ಸಾವಿರದೈನೂರು ದಾಟಿತ್ತು. ಅದರ ಮೇಲೆ ಧಾರವಾಡದಿಂದ ಅವ್ವನ ಫೋನ್: "ಏನಪಾ, ಹುಡುಗರ ಬಾಯಿ ಕಟ್ಟಿ ಏನ್ ಮಾಡ್ತಿ?"

ಆಮೇಲೆ ಹಣ್ಣು. ಪಪ್ಪಾಯ, ಸೀಬೆ ಹೆಚ್ಚಿ ತಟ್ಟೆಯಲ್ಲಿಟ್ಟರೆ ತಿನ್ನುತ್ತಿದ್ದವರು ಅತ್ತೆ ಒಬ್ಬರೇ, ಅದೂ ವ್ಯರ್ಥವಾಗುತ್ತಲ್ಲ ಅಂತ. ಮಖಾನಾ ತಂದೆ. ಕಿಲೋಗೆ ಸಾವಿರದ ಮೇಲೆ ಕೊಟ್ಟು, ತುಪ್ಪದಲ್ಲಿ ಹುರಿದು, ಮೆಣಸಿನ ಪುಡಿ ಉದುರಿಸಿ ಕೊಟ್ಟರೆ ಮಗ ಎರಡು ತಿಂದು "ಥರ್ಮೋಕೋಲ್" ಅಂದ. ದುಡ್ಡು ಕೊಟ್ಟವನು ನಾನು, ಆದ್ದರಿಂದ ನಾನೇ ತಿಂದು ಮುಗಿಸಿದೆ. ನಂತರ ಏರ್ ಫ್ರೈಯರ್, ಐದೂವರೆ ಸಾವಿರದ ಆಸುಪಾಸು. ಎಣ್ಣೆಯಿಲ್ಲದ ಮಿರ್ಚಿ ಮಾಡಿ ತೋರಿಸುತ್ತೇನೆ ಅಂದಿದ್ದೆ. ಕಡ್ಲೆಹಿಟ್ಟು ಜಾಲರಿಯ ತೂತುಗಳಿಂದ ಕೆಳಗೆ ಸೋರಿ, ಮೇಲೆ ಬೆತ್ತಲೆ ಮೆಣಸಿನಕಾಯಿ ಉಳಿಯಿತು. ಭಜ್ಜಿಗೆ ಕಾದ ಎಣ್ಣೆ ಬೇಕೇ ಬೇಕು, ಹಿಟ್ಟು ಬಿದ್ದ ಕೂಡಲೇ ಗಟ್ಟಿಯಾಗಬೇಕು. ಈಗ ಆ ಯಂತ್ರದಲ್ಲಿ ಹಪ್ಪಳ ಸುಡುತ್ತೇವೆ, ಅಷ್ಟೇ. ಈ ಪ್ರಯೋಗಗಳಿಗೆಲ್ಲ ಸೇರಿ ಹತ್ತು ಸಾವಿರ ಹೋಗಿರಬೇಕು.

ಕೆಲಸ ಮಾಡಿದ್ದು ಇದು. ಐದು ಗಂಟೆಯ ಹಸಿವು ಬೇರೆ, ಏಳು ಗಂಟೆಯ ಹಸಿವು ಬೇರೆ. ಎರಡಕ್ಕೂ ಒಂದೇ ಡಬ್ಬಿ ತೆಗೆಯುವುದರಿಂದಲೇ ಊಟ ಕೆಡುತ್ತದೆ.

ಐದರ ಹಸಿವಿಗೆ ಚೂಡಾ. ಯಾರೂ ಬಿಡಬೇಕಿಲ್ಲ. ಆದರೆ ದೊಡ್ಡ ಡಬ್ಬಿ ಅಟ್ಟದ ಮೇಲೆ. ಆ ದಿನದ್ದನ್ನು ಬೆಳಿಗ್ಗೆಯೇ ಸಣ್ಣ ಸ್ಟೀಲ್ ಡಬ್ಬಿಗೆ ಅಳೆದು ಹಾಕುತ್ತೇನೆ. ಅದು ಖಾಲಿಯಾದರೆ ಮುಗಿಯಿತು. ಬೇಡ ಅನ್ನುವುದಕ್ಕಿಂತ ಮುಗಿಯಿತು ಅನ್ನುವುದು ಮಕ್ಕಳ ಹತ್ತಿರ ಚೆನ್ನಾಗಿ ನಡೆಯುತ್ತದೆ. ಮೊದಲ ವಾರ ಮಗಳು ಐದೇ ನಿಮಿಷದಲ್ಲಿ ಅರ್ಧ ಡಬ್ಬಿ ಮುಗಿಸಿ ಅಣ್ಣನಿಂದ ಬೈಸಿಕೊಂಡಳು. ಅದರ ಮೇಲೆ ಹಂಚಿಕೊಳ್ಳುವ ಲೆಕ್ಕ ಅವರೇ ಮಾಡಿಕೊಂಡರು. ಗಡಿ ಅತ್ತೆಯ ದೀಪ. ದೀಪ ಹಚ್ಚಿದರೆ ಡಬ್ಬಿ ಮುಚ್ಚಬೇಕು. ಮೈಸೂರಿನಲ್ಲಿ ನವೆಂಬರ್‌ನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲಿ ಆರೂ ಮುಕ್ಕಾಲು ದಾಟುತ್ತದೆ. ಹಾಗಾಗಿ ಗಡಿಯೂ ಕಾಲಕ್ಕೆ ತಕ್ಕಂತೆ ಸರಿಯುತ್ತದೆ. ಗಡಿಯಾರ ನೋಡಿ ಹೇಳಿದ್ದರೆ ಇದು ನನ್ನ ಕಾನೂನು ಆಗುತ್ತಿತ್ತು. ದೀಪದ ವಿಷಯದಲ್ಲಿ ಅಜ್ಜಿ ಜೊತೆ ವಾದ ಮಾಡುವ ಧೈರ್ಯ ಯಾರಿಗಿದೆ?

ಏಳರ ಹಸಿವಿಗೆ ಚೂಡಾ ಕೊಡಲೇಬಾರದು. ಆಗ ಕೊಡುವುದು ಆ ರಾತ್ರಿಯ ಊಟವನ್ನೇ, ಊಟ ಅಂತ ಹೇಳದೆ. ಕೋಸಂಬರಿ, ಅಲಸಂದೆ ಉಸ್ಲಿ, ಬೀನ್ಸ್ ಪಲ್ಯ, ಏನಿದೆಯೋ ಅದು ಬಟ್ಟಲಿನಲ್ಲಿ, ಅಡುಗೆ ಮನೆ ಕಟ್ಟೆಯ ಮೇಲೆ. ರೊಟ್ಟಿಯ ದಿನವಾದರೆ ಹೆಂಚಿನಿಂದ ಇಳಿದ ಬಿಸಿ ರೊಟ್ಟಿಯ ಚೂರು, ಮೇಲೆ ಶೇಂಗಾ ಚಟ್ನಿ, ಒಂದು ಚಮಚ ಮೊಸರು. ನಿಂತುಕೊಂಡೇ ತಿನ್ನುತ್ತಾರೆ. ತಟ್ಟೆಯಲ್ಲಿ ಹಾಕಿದ ಪಲ್ಯ ಮುಟ್ಟದ ಮಗ ಬಟ್ಟಲಿನ ಪಲ್ಯ ಕೇಳಿ ಹಾಕಿಸಿಕೊಳ್ಳುತ್ತಾನೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಅನ್ನ ಸಾರಿಗೆ ಕೂರುವ ಹೊತ್ತಿಗೆ ತರಕಾರಿ, ಕಾಳು ಹೊಟ್ಟೆ ಸೇರಿರುತ್ತದೆ. ಆಮೇಲೆ ಅನ್ನ ಸ್ವಲ್ಪ ಕಡಿಮೆ ತಿಂದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ಒಂಬತ್ತೂವರೆ ಊಟ ಹೋಯಿತು, ನಿಜ. ಈಗ ಎಂಟಕ್ಕೆ ಮುಗಿಸುತ್ತೇನೆ. ಮಾವ ಮಾತ್ರ ಮೊದಲಿನಂತೆ ಏಳೂವರೆಗೇ. ಅವರ ಲೆಕ್ಕದಲ್ಲಿ ನಾನು ಕೈ ಹಾಕಿಲ್ಲ, ಅದು ಅವರ ಡಾಕ್ಟರಿಗೆ ಬಿಟ್ಟದ್ದು. ಕಾಫಿ ಜೊತೆ ನಿಪ್ಪಟ್ಟಿನ ಬದಲು ಒಂದು ಹಿಡಿ ಕಾಂಗ್ರೆಸ್ ಕಡ್ಲೆಕಾಯಿಗೆ ಅವರೇ ಒಪ್ಪಿಕೊಂಡರು. ಹೋಳು ಮಾಡಿದ ಆ ಕಡ್ಲೆಕಾಯಿಗೆ ಹೆಸರು ತಂದ, 1969ರಲ್ಲಿ ಕಾಂಗ್ರೆಸ್ ಪಕ್ಷ ಹೋಳಾದ ಕಥೆ ಅದರ ಜೊತೆ ಉಚಿತ.

ಚೂಡಾ ವಿಷಯಕ್ಕೆ ಬರುತ್ತೇನೆ, ಬಹಳ ಜನ ಎಡವುವುದು ಇಲ್ಲೇ. ಧಾರವಾಡದಲ್ಲಿ ಮಾಡಿದ ಹಾಗೆಯೇ ಮೈಸೂರಿನಲ್ಲಿ ಮಾಡಿದರೆ ಜೂನ್ ಜುಲೈನಲ್ಲಿ ಮೂರೇ ದಿನಕ್ಕೆ ಮೆತ್ತಗಾಗುತ್ತಿತ್ತು. ಚುರುಮುರಿ ಬಿಸಿಲಿಗೆ ಹಾಕಲು ಬಿಸಿಲೇ ಇಲ್ಲ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ತನಕ ಹುರಿಯಬೇಕು. ಆದರೂ ಮೆತ್ತಗಾಗುತ್ತಿತ್ತು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಬೆಳ್ಳುಳ್ಳಿ. ಜಜ್ಜಿ ಹಾಕಿದ್ದು ಹೊಂಬಣ್ಣಕ್ಕೆ ಬಂದಾಗಲೇ ನಾನು ಚುರುಮುರಿ ಸುರಿಯುತ್ತಿದ್ದೆ, ಒಳಗೆ ಇನ್ನೂ ನೀರಿನಂಶ ಇರುತ್ತಿತ್ತು. ಪೂರ್ತಿ ಕಂದು ಬಣ್ಣಕ್ಕೆ ಬರಬೇಕು. ಕರಿಬೇವೂ ಅಷ್ಟೇ, ಮುರಿದರೆ ಸದ್ದಾಗಬೇಕು. ಖಾರದ ಪುಡಿ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಸೀದು ಕಹಿ. ಆರಿದ ಮೇಲಷ್ಟೇ ಡಬ್ಬಿಗೆ. ಈಗ ಮಳೆಗಾಲದಲ್ಲೂ ಹತ್ತು ಹನ್ನೆರಡು ದಿನ ಗರಿಗರಿ ಇರುತ್ತದೆ. ಸಕ್ಕರೆ, ಉಪ್ಪಿನ ಜೊತೆ ಇನ್ನೂ ಎರಡು ಸಾಮಾನು ಕುಟ್ಟಿ ಹಾಕುತ್ತೇನೆ. ಅದು ಅವ್ವನ ಲೆಕ್ಕ, ಹೆಂಡತಿಗೂ ಹೇಳಿಲ್ಲ.

ಗಿರ್ಮಿಟ್ ದಿನವೂ ಕೊಡಬಹುದಾ ಅಂತಲೂ ನೋಡಿದೆ. ಈರುಳ್ಳಿ, ಹುಣಸೆ, ಬೆಲ್ಲದ ಗೊಜ್ಜನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನ ಬಳಸಿದೆ. ರುಚಿ ಪರವಾಗಿಲ್ಲ. ಆದರೆ ಕಲಸಿದ ಕೂಡಲೇ ತಿನ್ನಬೇಕು, ಮನೆಯವರೆಲ್ಲ ಒಂದೇ ಹೊತ್ತಿಗೆ ಸೇರುವುದಿಲ್ಲ, ಕೊನೆಗೆ ಬಂದವರಿಗೆ ಮುದ್ದೆ. ಮೇಲಾಗಿ ಅದು ಹೊಟ್ಟೆ ತುಂಬಿಸುತ್ತದೆ, ಊಟಕ್ಕೆ ಜಾಗ ಉಳಿಯುವುದಿಲ್ಲ. ಭಾನುವಾರಕ್ಕೆ ಇಟ್ಟಿದ್ದೇನೆ. ಅವತ್ತು ಮಿರ್ಚಿಯೂ ಉಂಟು, ಊಟ ಬರೀ ಮಜ್ಜಿಗೆ ಅನ್ನ.

ದುಡ್ಡಿನ ಲೆಕ್ಕ. ಮುಂಚೆ ಬೇಕರಿ, ಪ್ಯಾಕೆಟ್, ಆಪ್‌ನಲ್ಲಿ ತರಿಸಿದ್ದು ಸೇರಿ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ. ಈಗ ಚುರುಮುರಿ, ಶೇಂಗಾ, ಪುಟಾಣಿ (ಹುರಿಗಡಲೆ), ಎಣ್ಣೆ, ಕಾಳು ಎಲ್ಲ ಸೇರಿ ಸಾವಿರದ ಮುನ್ನೂರು ನಾನೂರು. ಶೇಂಗಾ, ಪುಟಾಣಿ ಸಂತೆಪೇಟೆಯಿಂದ ಐದೈದು ಕಿಲೋ ತರುತ್ತೇನೆ. ಅಕ್ಕಿಯೂ ತಿಂಗಳಿಗೆ ಮೂರು ನಾಲ್ಕು ಕಿಲೋ ಉಳಿಯುತ್ತಿದೆ. ಮೊನ್ನೆ ಚಿತ್ರಾನ್ನ ಬೇಕು ಅಂತ ಮಕ್ಕಳೇ ಕೇಳಿದರು, ಅದಕ್ಕೆ ಹೊಸದಾಗಿ ಅನ್ನ ಇಡಬೇಕಾಯಿತು!

ನಕ್ಕಿದ್ದ ಭಾವಮೈದ ಈಗ ಬಂದಾಗಲೆಲ್ಲ ಖಾಲಿ ಡಬ್ಬಿ ತರುತ್ತಾನೆ. ಮುಂದಿನ ಪ್ರಯೋಗ ಜೋಳದ ಅರಳು. ನಮ್ಮ ಕಡೆ ನಾಗರ ಪಂಚಮಿಗೆ ಹುರಿಯುತ್ತಾರೆ. ಚುರುಮುರಿಯ ಅರ್ಧಕ್ಕೆ ಅದನ್ನು ಬೆರೆಸಿದರೆ ಹೇಗೆ ಅಂತ ನೋಡಬೇಕು. ಅರಳಲು ತಕ್ಕ ಜೋಳ ಮೈಸೂರಿನಲ್ಲಿ ನನಗೆ ಸಿಕ್ಕಿಲ್ಲ, ಅವ್ವನಿಗೆ ಎರಡು ಕಿಲೋ ಕಳಿಸಲು ಹೇಳಿದ್ದೇನೆ.